ಫುಕ್ಸ್ ಮತ್ತು ಹಿರ್ಶ್, ಆಲ್ಬಂನಿಂದ ಕೈಬಿಟ್ಟ ಇಬ್ಬರು ಆಟಗಾರರು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹಳೆಯ ಜರ್ಮನ್ ಸ್ಟಾಂಪು ಕೂಡಿಸುವವನು. ಫುಟ್‌ಬಾಲ್ ಹುಚ್ಚು ಆಮೇಲೆ ಅಂಟಿಕೊಂಡಿದ್ದು. 1936ರ ಒಂದು ಹಸಿರು ಸ್ಟಾಂಪಿನ ಜಾಡು ಹಿಡಿದು ಹೋದಾಗ ಈ ಇಬ್ಬರು ಸಿಕ್ಕರು. ಅಲ್ಲಿಂದ ಬಿಡಿಸಿಕೊಳ್ಳಲು ಆಗಲಿಲ್ಲ. ಸ್ನೇಹಿತರಿಗೆ ಇವರ ಕಥೆ ಹೇಳಿದಾಗಲೆಲ್ಲ ಹೆಚ್ಚುಕಮ್ಮಿ ಅದೇ ಪ್ರಶ್ನೆಗಳು ಬರುತ್ತವೆ. ಪ್ರತಿ ಸಲ ಹೇಳಿದ್ದನ್ನೇ ಹೇಳುವುದಕ್ಕಿಂತ ಒಂದು ಕಡೆ ಬರೆದಿಡೋಣ ಅನ್ನಿಸಿತು.

ಯಾರು ಇವರು? ಚುಟುಕಾಗಿ ಹೇಳಿ.

ಗಾಟ್‌ಫ್ರೀಡ್ ಫುಕ್ಸ್ ಹುಟ್ಟಿದ್ದು 1889ರ ಮೇ 3ರಂದು, ಜರ್ಮನಿಯ ಕಾರ್ಲ್ಸ್‌ರೂಹೆ ಊರಲ್ಲಿ. ಅಪ್ಪನದು ಮರದ ವ್ಯಾಪಾರ. ಯೂಲಿಯುಸ್ ಹಿರ್ಶ್ ಹುಟ್ಟಿದ್ದು 1892ರ ಏಪ್ರಿಲ್ 7ರಂದು, ಅದೇ ಸೀಮೆಯ ಆಖರ್ನ್‌ನಲ್ಲಿ. ಅಪ್ಪ ಬಟ್ಟೆ ವ್ಯಾಪಾರಿ. ಇಬ್ಬರೂ ಯಹೂದಿಗಳು, ಇಬ್ಬರೂ ಕಾರ್ಲ್ಸ್‌ರೂಹೆಯ ಒಂದೇ ಕ್ಲಬ್ಬಿಗೆ ಆಡಿದವರು. ಜರ್ಮನಿಯ ರಾಷ್ಟ್ರೀಯ ತಂಡಕ್ಕೂ ಒಟ್ಟಿಗೆ ಆಡಿದರು. ಫುಕ್ಸ್ ಒಂದೇ ಪಂದ್ಯದಲ್ಲಿ 10 ಗೋಲು ಹೊಡೆದರು. ಜರ್ಮನಿಯಲ್ಲಿ ಆ ದಾಖಲೆ ಇನ್ನೂ ಅವರದೇ. ಹಿರ್ಶ್ 1943ರಲ್ಲಿ ಆಶ್‌ವಿಟ್ಸ್‌ಗೆ, ಅಂದರೆ ನಾಜಿಗಳ ಸಾವಿನ ಶಿಬಿರಕ್ಕೆ, ಹೋದ ರೈಲಿನಲ್ಲಿದ್ದರು.

ಹೆಸರು ಹೇಗೆ ಹೇಳಬೇಕು?

ಇಂಗ್ಲಿಷ್ ಅಭ್ಯಾಸದಲ್ಲಿ ಕೆಲವರು ಜೂಲಿಯಸ್ ಅನ್ನುತ್ತಾರೆ, ತಪ್ಪೇನಿಲ್ಲ. ಜರ್ಮನ್ನರ ಬಾಯಲ್ಲಿ ಅದು ಯೂಲಿಯುಸ್. ಗೆಳೆಯರು, ಮನೆಯವರು ಕರೀತಿದ್ದದ್ದು 'ಯುಲ್ಲರ್' ಅಂತ. ಈ ಅಡ್ಡಹೆಸರು ಮುಂದೆ ಒಂದು ಕಡೆ ಮತ್ತೆ ಬರುತ್ತದೆ, ನೆನಪಿಟ್ಟುಕೊಳ್ಳಿ. ಇನ್ನೊಂದು ವಿಷಯ: ಜರ್ಮನ್ ಭಾಷೆಯಲ್ಲಿ ಫುಕ್ಸ್ ಅಂದರೆ ನರಿ, ಹಿರ್ಶ್ ಅಂದರೆ ಸಾರಂಗ. ಒಂದು ತಂಡದ ಮುಂಪಡೆಗೆ ಇದಕ್ಕಿಂತ ಒಳ್ಳೆ ಜೋಡಿ ಸಿಗುತ್ತಾ?

ಆ ಕಾಲಕ್ಕೆ ಜರ್ಮನಿಯಲ್ಲಿ ಫುಟ್‌ಬಾಲ್ ಇತ್ತಾ?

ಇತ್ತು, ಆದರೆ ಮರ್ಯಾದೆ ಇರಲಿಲ್ಲ. ಅಲ್ಲಿ ಗೌರವ ಇದ್ದದ್ದು ಕಸರತ್ತಿಗೆ. ಸಾಲಾಗಿ ನಿಂತು, ಮೇಷ್ಟ್ರು ಹೇಳಿದಂತೆ ಕೈಕಾಲು ಆಡಿಸುವುದೇ ವ್ಯಾಯಾಮ. ಚೆಂಡನ್ನು ಕಾಲಿಂದ ಒದೆಯುವುದು ಪುಂಡರ ಕೆಲಸ. ಅದನ್ನು 'ಇಂಗ್ಲಿಷ್ ರೋಗ' ಅಂತ ಆಡಿಕೊಂಡವರೂ ಇದ್ದರು.

ಆ ರೋಗವನ್ನು ಕಾರ್ಲ್ಸ್‌ರೂಹೆಗೆ ಅಂಟಿಸಿದವರಲ್ಲಿ ಮುಖ್ಯ ಹೆಸರು ವಾಲ್ಟರ್ ಬೆನ್ಸೆಮನ್. ಬರ್ಲಿನ್ನಿನ ಯಹೂದಿ ಬ್ಯಾಂಕರ್ ಮನೆಯ ಹುಡುಗ. ಸ್ವಿಟ್ಜರ್ಲೆಂಡಿನ ಶಾಲೆಯಲ್ಲಿ ಇಂಗ್ಲಿಷ್ ಹುಡುಗರ ಜೊತೆ ಆಡಿ ಕಲಿತದ್ದು. 1891ರಲ್ಲಿ, ಇನ್ನೂ ಹದಿನೆಂಟು ವರ್ಷದ ಹುಡುಗನಾಗಿದ್ದಾಗಲೇ, ಕಾರ್ಲ್ಸ್‌ರೂಹೆ ಫುಟ್‌ಬಾಲ್ ಸಂಘ ಶುರು ಮಾಡಿದ. 1920ರಲ್ಲಿ 'ಕಿಕ್ಕರ್' ಪತ್ರಿಕೆ ಹುಟ್ಟುಹಾಕಿದ್ದೂ ಇದೇ ಬೆನ್ಸೆಮನ್. ಆ ಪತ್ರಿಕೆ ಇವತ್ತಿಗೂ ಜರ್ಮನ್ ಫುಟ್‌ಬಾಲಿನ ದೊಡ್ಡ ಪತ್ರಿಕೆ. ಈ ಹೆಸರನ್ನೂ ನೆನಪಿಟ್ಟುಕೊಳ್ಳಿ.

ಜರ್ಮನ್ ಫುಟ್‌ಬಾಲ್ ಒಕ್ಕೂಟ ಹುಟ್ಟಿದ್ದು 1900ರಲ್ಲಿ. ರಾಷ್ಟ್ರೀಯ ತಂಡದ ಮೊದಲ ಪಂದ್ಯ 1908ರಲ್ಲಿ, ಸ್ವಿಟ್ಜರ್ಲೆಂಡ್ ಎದುರು, 3–5ರಿಂದ ಸೋಲು. ಅಂದರೆ ಫುಕ್ಸ್ ಆಡಲು ಇಳಿದಾಗ ತಂಡಕ್ಕೆ ಮೂರು ವರ್ಷವೂ ತುಂಬಿರಲಿಲ್ಲ.

ಕಾರ್ಲ್ಸ್‌ರೂಹೆ ತಂಡ ನಿಜಕ್ಕೂ ಅಷ್ಟು ದೊಡ್ಡದಾ? ಈಗ ಆ ಹೆಸರೇ ಕೇಳಿಲ್ಲ.

ಈಗ ಕೇಳುವ ಕಾರ್ಲ್ಸ್‌ರೂಹೆ ಕ್ಲಬ್ಬು ಬೇರೆ, ಇದು ಬೇರೆ. ಆ ಕಾಲಕ್ಕೆ ಊರಿನಲ್ಲಿ ಎರಡು ಬಲವಾದ ತಂಡ ಇದ್ದವು. 1909ರಲ್ಲಿ ಫೀನಿಕ್ಸ್ ಕಾರ್ಲ್ಸ್‌ರೂಹೆ ಜರ್ಮನ್ ಚಾಂಪಿಯನ್. ಮರುವರ್ಷ ಸೆಮಿಫೈನಲ್‌ನಲ್ಲಿ ಅದೇ ಫೀನಿಕ್ಸನ್ನು ನಮ್ಮವರು, ಅಂದರೆ ಫುಕ್ಸ್, ಹಿರ್ಶ್ ಆಡುತ್ತಿದ್ದ ಕಾರ್ಲ್ಸ್‌ರೂಹೆ ಫುಟ್‌ಬಾಲ್ ಸಂಘದವರು, 2–1ರಿಂದ ಮನೆಗೆ ಕಳಿಸಿದರು. ಒಂದೇ ಊರಿನ ಎರಡು ತಂಡ ದೇಶದ ಸೆಮಿಫೈನಲ್‌ನಲ್ಲಿ ಎದುರುಬದುರು! ಫೈನಲ್ ನಡೆದದ್ದು 1910ರ ಮೇ 15ರಂದು, ಕಲೋನ್‌ನಲ್ಲಿ, ಹೋಲ್‌ಸ್ಟೈನ್ ಕೀಲ್ ವಿರುದ್ಧ. ಹೆಚ್ಚುವರಿ ಸಮಯದಲ್ಲಿ ಒಂದು ಪೆನಾಲ್ಟಿ, 1–0, ಕಪ್ಪು ಕೈಗೆ.

ಕೋಚ್ ವಿಲಿಯಂ ಟೌನ್ಲಿ ಇಂಗ್ಲೆಂಡಿನವರು. 1890ರ ಎಫ್‌ಎ ಕಪ್ ಫೈನಲ್‌ನಲ್ಲಿ ಬ್ಲ್ಯಾಕ್‌ಬರ್ನ್ ಪರ ಹ್ಯಾಟ್ರಿಕ್ ಹೊಡೆದವರು. ಚೆಂಡನ್ನು ಮೇಲೆ ಎತ್ತಿ ಹಿಂದೆ ಓಡುವ ಆಟ ಬಿಡಿಸಿ, ಕಾಲಿಂದ ಕಾಲಿಗೆ ಸಣ್ಣ ಪಾಸು ಕೊಡುವುದನ್ನು ಕಲಿಸಿದರು. ಮುಂಪಡೆಯ ನಡುವೆ ಮೂವರು: ಫ್ರಿಟ್ಸ್ ಫೋರ್ಡರರ್, ಫುಕ್ಸ್, ಹಿರ್ಶ್. ಈ ಮೂವರ ಹೆಸರು ದೇಶದ ತುಂಬ ಒಟ್ಟಿಗೇ ಓಡಾಡುತ್ತಿತ್ತು. ಹಿರ್ಶ್ ಹತ್ತು ವರ್ಷದ ಹುಡುಗನಾಗಿದ್ದಾಗಲೇ, 1902ರಲ್ಲಿ, ಕ್ಲಬ್ಬಿಗೆ ಸೇರಿದವರು. 1910ರ ಫೈನಲ್ ಹೊತ್ತಿಗೆ ಅವರಿಗೆ ಹದಿನೆಂಟು.

ಒಂದೇ ಪಂದ್ಯದಲ್ಲಿ 10 ಗೋಲು! ಅದು ಹೇಗೆ ಸಾಧ್ಯ?

ಎಲ್ಲರೂ ಮೊದಲು ಕೇಳುವುದು ಇದನ್ನೇ, ಅದಕ್ಕೆ ಸ್ವಲ್ಪ ಜಾಸ್ತಿ ಬರೀತೀನಿ.

1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್. ಜೂನ್ 29ರಂದು ಜರ್ಮನಿ ಆಸ್ಟ್ರಿಯಾ ಎದುರು 1–5ರಿಂದ ಸೋತಿತು. ಆ ದಿನ ಗೋಲ್‌ಕೀಪರ್ ಪೆಟ್ಟು ತಿಂದು ಹೊರಗೆ ಹೋದರು. ಬದಲಿ ಆಟಗಾರರ ಪದ್ಧತಿ ಇರಲಿಲ್ಲ, ಮುಂಪಡೆಯವರೊಬ್ಬರೇ ಗೋಲು ಕಾಯಬೇಕಾಯಿತು. ಪದಕದ ಆಸೆ ಅಲ್ಲಿಗೆ ಮುಗಿಯಿತು. ಆದರೆ ಸೋತ ತಂಡಗಳಿಗಾಗಿ ಸಮಾಧಾನದ ಟೂರ್ನಿ ಒಂದಿತ್ತು. ಅದರಲ್ಲಿ ಜುಲೈ 1ರಂದು, ರೋಸುಂದ ಮೈದಾನದಲ್ಲಿ, ಜರ್ಮನಿಗೆ ಎದುರಾಳಿ ರಷ್ಯಾ.

ರಷ್ಯಾದವರು ಹಿಂದಿನ ದಿನವಷ್ಟೇ ಫಿನ್ಲೆಂಡ್ ಎದುರು 1–2ರಿಂದ ಸೋತಿದ್ದರು. ಆಗ ಫಿನ್ಲೆಂಡ್ ಅನ್ನುವುದು ರಷ್ಯಾ ಚಕ್ರವರ್ತಿಯ ಆಳ್ವಿಕೆಯಲ್ಲೇ ಇದ್ದ ನಾಡು! ಆ ಅವಮಾನ ಒಂದು ಕಡೆ, ಕಾಲಿನ ನೋವು ಇನ್ನೊಂದು ಕಡೆ. ಮರುದಿನವೇ ಮತ್ತೆ ಮೈದಾನಕ್ಕೆ.

ಎರಡನೇ ನಿಮಿಷಕ್ಕೆ ಫುಕ್ಸ್ ಮೊದಲ ಗೋಲು. ಆಮೇಲೆ 9, 21, 28, 34ನೇ ನಿಮಿಷ. ಅರ್ಧ ಆಟಕ್ಕೆ 8–0, ಅದರಲ್ಲಿ ಐದು ಫುಕ್ಸ್ ಅವರದು. ವಿರಾಮ ಮುಗಿಸಿ ಬಂದ ಮೇಲೆ 46, 51, 55, 65, 69. ಅಲ್ಲಿಗೂ ಐದು. ಫೋರ್ಡರರ್ ನಾಲ್ಕು ಹೊಡೆದರು, ಬರ್ಗರ್ ಮತ್ತು ಓಬರ್ಲೆ ಒಂದೊಂದು. ಒಟ್ಟು 16–0. ಜರ್ಮನಿ ಇದಕ್ಕಿಂತ ದೊಡ್ಡ ಅಂತರದಲ್ಲಿ ಇವತ್ತಿನವರೆಗೂ ಗೆದ್ದಿಲ್ಲ.

ನಿಮಿಷಗಳ ಪಟ್ಟಿ ನೋಡಿದರೆ ನನಗೆ ಒಂದು ವಿಷಯ ಕಾಡುತ್ತೆ. 69ನೇ ನಿಮಿಷದ ಮೇಲೆ ಯಾರೂ ಗೋಲು ಹೊಡೆದಿಲ್ಲ. ಕೊನೆಯ ಇಪ್ಪತ್ತೊಂದು ನಿಮಿಷ ಏನು ಮಾಡಿದರು? ಪಾಪ ಅನ್ನಿಸಿ ಬಿಟ್ಟರಾ, ಇಲ್ಲಾ ಸಾಕಾಯ್ತಾ? ನನ್ನ ಮಟ್ಟಿಗೆ ಪಾಪ ಅನ್ನಿಸಿದ್ದೇ ಇರಬೇಕು.

ಆ ಪಂದ್ಯದಲ್ಲಿ ಹಿರ್ಶ್ ಎಷ್ಟು ಹೊಡೆದರು?

ಆ ದಿನ ಹಿರ್ಶ್ ಆಡಲೇ ಇಲ್ಲ. ಅವರು ಸ್ಟಾಕ್‌ಹೋಮ್‌ನಲ್ಲಿ ಆಡಿದ್ದು ಬೇರೆ ಎರಡು ಪಂದ್ಯ, ಒಂದು ಆಸ್ಟ್ರಿಯಾ ಎದುರು, ಇನ್ನೊಂದು ಹಂಗೇರಿ ಎದುರು. ಎರಡೂ ಸೋಲು.

ಹಿರ್ಶ್ ಅವರ ದೊಡ್ಡ ದಿನ ಅಂದರೆ 1912ರ ಮಾರ್ಚ್ 24. ಹಾಲೆಂಡಿನ ಜ್ವೊಲೆಯಲ್ಲಿ 5–5ರ ಪಂದ್ಯ. ಜರ್ಮನಿಯ ಐದರಲ್ಲಿ ನಾಲ್ಕು ಹಿರ್ಶ್ ಅವರದು, ಒಂದು ಫುಕ್ಸ್ ಅವರದು. ದೇಶದ ಪರ ಏಳು ಪಂದ್ಯ, ನಾಲ್ಕು ಗೋಲು, ನಾಲ್ಕೂ ಒಂದೇ ದಿನ. ಫುಕ್ಸ್ ಆರು ಪಂದ್ಯದಲ್ಲಿ 13 ಹೊಡೆದರು (ಕೆಲವು ಪಟ್ಟಿಗಳಲ್ಲಿ 14). ಆರು ಪಂದ್ಯಕ್ಕೆ ಹದಿಮೂರು ಅಂದರೆ ಲೆಕ್ಕ ಹಾಕಿ, ಪಂದ್ಯಕ್ಕೆ ಎರಡಕ್ಕಿಂತ ಜಾಸ್ತಿ.

10 ಗೋಲಿನ ದಾಖಲೆ ಈಗ ಯಾರ ಹೆಸರಲ್ಲಿದೆ?

ಜಗತ್ತಿನ ಮಟ್ಟದಲ್ಲಿ ಆಸ್ಟ್ರೇಲಿಯಾದ ಆರ್ಚಿ ಥಾಂಪ್ಸನ್ ಹೆಸರಲ್ಲಿ. 2001ರ ಏಪ್ರಿಲ್‌ನಲ್ಲಿ ಅಮೆರಿಕನ್ ಸಮೋವಾ ಎದುರು 31–0ರ ಪಂದ್ಯದಲ್ಲಿ 13 ಗೋಲು. ಅದಕ್ಕೆ ಮೊದಲು ದಾಖಲೆ ಇಬ್ಬರದು: 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು 10 ಹೊಡೆದ ಡೆನ್ಮಾರ್ಕಿನ ಸೋಫುಸ್ ನೀಲ್ಸನ್, ಮತ್ತು ಫುಕ್ಸ್.

ಫುಟ್‌ಬಾಲಿನಿಂದ ಹಣ ಬರುತ್ತಿತ್ತಾ?

ಇಲ್ಲ. ಎಲ್ಲರೂ ಹವ್ಯಾಸಿಗಳು. ಹಗಲು ಹೊಟ್ಟೆಪಾಡಿನ ಕೆಲಸ, ಸಂಜೆ ಅಭ್ಯಾಸ. ಹಿರ್ಶ್ ನ್ಯೂರೆಂಬರ್ಗಿನ ಆಟಿಕೆ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿತು ಅಂತ ಆ ಕಡೆ ಹೋದರು. ಪಕ್ಕದ ಫ್ಯೂರ್ಟ್ ಊರಿನ ತಂಡ ಸೇರಿ 1914ರಲ್ಲಿ ಮತ್ತೆ ಜರ್ಮನ್ ಚಾಂಪಿಯನ್ ಆದರು. ಆ ಫೈನಲ್ ಗೆಲುವಿನ ಗೋಲು ಬೀಳುವವರೆಗೂ ಎಳೆದು, 150 ನಿಮಿಷ ದಾಟಿತು. ಎದುರಾಳಿ ಲೈಪ್‌ಜಿಗ್, 3–2. ಎರಡು ತಿಂಗಳಲ್ಲಿ ಯುದ್ಧ ಶುರುವಾಯಿತು.

ಮೊದಲ ಮಹಾಯುದ್ಧದಲ್ಲಿ ಇವರು ಇದ್ದರಾ?

ಇಬ್ಬರೂ ಜರ್ಮನ್ ಸೈನ್ಯದಲ್ಲಿ ಹೋರಾಡಿದರು. ಇಬ್ಬರಿಗೂ ಐರನ್ ಕ್ರಾಸ್ ಪದಕ ಬಂತು. ಫುಕ್ಸ್ ಫಿರಂಗಿ ದಳದ ಅಧಿಕಾರಿ. ಹಿರ್ಶ್ ಅವರ ಅಣ್ಣ ಲಿಯೋಪೋಲ್ಡ್ 1918ರಲ್ಲಿ ಯುದ್ಧಭೂಮಿಯಲ್ಲೇ ಸತ್ತರು. ಮುಂದಿನ ಉತ್ತರ ಓದುವಾಗ ಇದು ಮನಸ್ಸಿನಲ್ಲಿರಲಿ.

1933ರಲ್ಲಿ ಏನಾಯಿತು?

ಹಿಟ್ಲರ್ ಅಧಿಕಾರಕ್ಕೆ ಬಂದು ಮೂರು ತಿಂಗಳೂ ಆಗಿರಲಿಲ್ಲ. ಏಪ್ರಿಲ್ 9ಕ್ಕೆ ದಕ್ಷಿಣ ಜರ್ಮನಿಯ 14 ದೊಡ್ಡ ಕ್ಲಬ್ಬುಗಳು ಸೇರಿ ಒಂದು ಹೇಳಿಕೆ ಕೊಟ್ಟವು: ಹೊಸ ಸರ್ಕಾರದ ಜೊತೆ ನಾವಿದ್ದೇವೆ, ಯಹೂದಿಗಳನ್ನು ಕ್ಲಬ್ಬಿನಿಂದ ತೆಗೆಯುವ ಕೆಲಸಕ್ಕೆ ಸಹಕರಿಸುತ್ತೇವೆ ಅಂತ. ಕಾರ್ಲ್ಸ್‌ರೂಹೆ ಫುಟ್‌ಬಾಲ್ ಸಂಘದ ಹೆಸರೂ ಅದರಲ್ಲಿತ್ತು, ಫ್ಯೂರ್ಟ್ ಹೆಸರೂ ಇತ್ತು. ಹಿರ್ಶ್ ಕಪ್ಪು ಗೆದ್ದುಕೊಟ್ಟ ಎರಡೂ ಕ್ಲಬ್ಬು. ಇದನ್ನು ಯಾರೂ ಬಲವಂತ ಮಾಡಿ ಬರೆಸಿದ ಕಾನೂನು ಆಗಿರಲಿಲ್ಲ. ಕ್ಲಬ್ಬುಗಳು ತಾವಾಗಿಯೇ ಮುಂದೆ ಬಂದವು. ನನಗೆ ಈ ಇಡೀ ಕಥೆಯಲ್ಲಿ ಜಾಸ್ತಿ ಚುಚ್ಚುವುದು ಈ ಆತುರ.

ಹಿರ್ಶ್ ಅದನ್ನು ಪತ್ರಿಕೆಯಲ್ಲಿ ಓದಿದರು. ಮರುದಿನ, ಏಪ್ರಿಲ್ 10ಕ್ಕೆ, ಕ್ಲಬ್ಬಿಗೆ ಕಾಗದ ಬರೆದರು. 1902ರಿಂದ ಸದಸ್ಯನಾಗಿದ್ದೇನೆ, ಭಾರವಾದ ಮನಸ್ಸಿನಿಂದ ಹೊರಗೆ ಹೋಗುತ್ತಿದ್ದೇನೆ ಅಂದರು. ಇವತ್ತು ದೇಶ ಹೀಗೆ ದ್ವೇಷಿಸುವ ಜನರಲ್ಲೂ ಒಳ್ಳೆಯವರಿದ್ದಾರೆ, ದೇಶಕ್ಕಾಗಿ ರಕ್ತ ಸುರಿಸಿದವರೂ ಇದ್ದಾರೆ ಅನ್ನುವ ಮಾತೂ ಅದರಲ್ಲಿದೆ. ಬೈಗುಳ ಒಂದೂ ಇಲ್ಲ. ಅವರೇ ತೆಗೆದುಹಾಕುವ ಮೊದಲು ತಾನೇ ಎದ್ದು ಹೋದ ಮನುಷ್ಯನ ಕಾಗದ ಅದು.

ಬೆನ್ಸೆಮನ್ ಕೂಡ ಅದೇ ವರ್ಷ ದೇಶ ಬಿಟ್ಟರು. 1934ರಲ್ಲಿ ಸ್ವಿಟ್ಜರ್ಲೆಂಡಿನ ಮಾಂಟ್ರೋದಲ್ಲಿ ತೀರಿಕೊಂಡರು.

ಸರಿ, ಆ ಹಸಿರು ಸ್ಟಾಂಪ್ ಯಾವುದು?

1936ರ ಬರ್ಲಿನ್ ಒಲಿಂಪಿಕ್ಸ್‌ಗಾಗಿ ಜರ್ಮನ್ ಅಂಚೆ ಇಲಾಖೆ ಎಂಟು ಸ್ಟಾಂಪುಗಳ ಒಂದು ಸೆಟ್ ತಂದಿತು. ಕಸರತ್ತು, ಈಜುಕೊಳಕ್ಕೆ ಹಾರುವುದು, ಈಟಿ ಎಸೆತ, ಕತ್ತಿವರಸೆ, ದೋಣಿ, ಕುದುರೆ ಎಲ್ಲ ಇವೆ. ಫುಟ್‌ಬಾಲ್ ಇರುವುದು 6 ಪೆನ್ನಿಗ್ (ಪೆನ್ನಿಗ್ ಅಂದರೆ ಜರ್ಮನ್ನರ ಪೈಸೆ) ಸ್ಟಾಂಪಿನಲ್ಲಿ, ಕಡು ಹಸಿರು ಬಣ್ಣ. ಮೇಲೆ 4 ಪೆನ್ನಿಗ್ ದೇಣಿಗೆ ಸೇರಿಸಿ ಹತ್ತಕ್ಕೆ ಮಾರುತ್ತಿದ್ದರು. ಆಗ ಊರಿಂದ ಊರಿಗೆ ಕಾರ್ಡು ಕಳಿಸಲು ಬೇಕಾಗುತ್ತಿದ್ದದ್ದು ಸರಿಯಾಗಿ 6 ಪೆನ್ನಿಗ್. ಅಂದರೆ ಇದು ಸಾಮಾನ್ಯ ಜನರ ಕಾರ್ಡಿನ ಸ್ಟಾಂಪು. ಅದಕ್ಕೇ ಇವತ್ತಿಗೂ ಧಾರಾಳವಾಗಿ ಸಿಗುತ್ತದೆ, ದುಬಾರಿಯೇನಲ್ಲ.

ನನ್ನ ಹತ್ತಿರ ಇರುವುದು ಬಳಸಿದ್ದು. ಒಂದು ಮೂಲೆಯ ಹಲ್ಲು ಮೊಂಡಾಗಿದೆ, ಠಸ್ಸೆಯ ಕಪ್ಪು ಗೆರೆ ಅರ್ಧಕ್ಕೆ ಬಂದು ನಿಂತಿದೆ. ಮುಂದಿನಿಂದ ನೋಡಿದರೆ ಆಟ, ಬಿಸಿಲು, ಮೈದಾನ ನೆನಪಾಗುವಂಥ ಚೆಂದದ ಚಿತ್ರ. ಈಗ ಚಿಮಟದಲ್ಲಿ ಎತ್ತಿ, ಬೆನ್ನು ಮೇಲಾಗಿ ಕಪ್ಪು ತಟ್ಟೆಯ ಮೇಲಿಟ್ಟು, ಎರಡು ಹನಿ ಬೆಂಜಿನ್ ಹಾಕಿ. ಕಾಗದ ಒದ್ದೆಯಾಗುತ್ತಲೇ ಒಳಗಿನ ನೀರುಗುರುತು ಎದ್ದು ಕಾಣುತ್ತದೆ. ಸ್ವಸ್ತಿಕ, ಮತ್ತೆ ಸ್ವಸ್ತಿಕ, ಸಾಲಿಗೆ ಸಾಲು. ನಾಜಿಗಳ ಗುರುತು. ಮುದ್ರಣ ಆಗುವ ಮೊದಲೇ, ಕಾಗದ ಮಾಡುವಾಗಲೇ ಒಳಗೆ ಸೇರಿಸಿದ್ದು. ಅರ್ಧ ನಿಮಿಷದಲ್ಲಿ ಬೆಂಜಿನ್ ಆರುತ್ತದೆ, ಗುರುತು ಮಾಯ. ತಿರುಗಿಸಿದರೆ ಮತ್ತೆ ಫುಟ್‌ಬಾಲ್.

ಈ ಸ್ಟಾಂಪು ಅಂಚೆ ಕಚೇರಿಯಲ್ಲಿ ಮಾರಾಟವಾಗುತ್ತಿದ್ದಾಗ ಫುಕ್ಸ್ ಬರ್ಲಿನ್ನಿನಲ್ಲೇ ಇದ್ದರು.

ಆ ಒಲಿಂಪಿಕ್ಸ್‌ನಲ್ಲಿ ಜರ್ಮನಿ ಫುಟ್‌ಬಾಲ್ ಗೆದ್ದಿತಾ?

ಎಲ್ಲಿ ಬಂತು! ಮೊದಲ ಪಂದ್ಯದಲ್ಲಿ ಲಕ್ಸೆಂಬರ್ಗನ್ನು 9–0ರಿಂದ ಸೋಲಿಸಿದರು. ಆಗಸ್ಟ್ 7ಕ್ಕೆ ನಾರ್ವೆ ಎದುರು ಪಂದ್ಯ ನೋಡಲು ಹಿಟ್ಲರ್ ಬಂದು ಕೂತಿದ್ದ. ಜರ್ಮನಿ 0–2ರಿಂದ ಸೋತಿತು. ಮೈದಾನದ ಹೆಸರು ಪೋಸ್ಟ್‌ಸ್ಟಾಡಿಯೋನ್, ಅಂದರೆ ಅಂಚೆ ಮೈದಾನ. ಅಂಚೆ ನೌಕರರ ಕ್ರೀಡಾ ಸಂಘದ್ದು. ಸ್ಟಾಂಪು ಕೂಡಿಸುವವನಿಗೆ ಈ ಹೆಸರು ಕೇಳಿ ಖುಷಿ ಆಗದೆ ಇರುತ್ತಾ?

ಆ ಸೋಲಿನ ಮೇಲೆ ಕೋಚ್ ಬದಲಾದರು. ಹೊಸದಾಗಿ ಬಂದವರು ಮನ್‌ಹೈಮ್‌ನ ಸೆಪ್ ಹೆರ್‌ಬರ್ಗರ್. 1954ರಲ್ಲಿ ಜರ್ಮನಿಗೆ ಮೊದಲ ವಿಶ್ವಕಪ್ ಗೆದ್ದುಕೊಟ್ಟವರು ಇವರೇ. ಇವರ ಹೆಸರು ಕೊನೆಗೆ ಮತ್ತೆ ಬರುತ್ತದೆ.

ಆಲ್ಬಂನಿಂದ ಕೈಬಿಟ್ಟಿದ್ದು ಅಂದರೆ ಏನು?

1939ರಲ್ಲಿ ಕಿಕ್ಕರ್ ಪತ್ರಿಕೆಯವರು ಅಲ್ಲಿಯವರೆಗೆ ಜರ್ಮನಿಗೆ ಆಡಿದ ಆಟಗಾರರ ಚಿತ್ರಗಳ ಸಂಗ್ರಹ ತಂದರು. ಅದರಲ್ಲಿ ಇಬ್ಬರು ಇರಲಿಲ್ಲ: ಫುಕ್ಸ್ ಮತ್ತು ಹಿರ್ಶ್. 10 ಗೋಲು ಹೊಡೆದವರನ್ನೇ ಬಿಟ್ಟು ಸಂಗ್ರಹ! ಬೆನ್ಸೆಮನ್ ಹುಟ್ಟುಹಾಕಿದ ಪತ್ರಿಕೆಯೇ ಈ ಕೆಲಸ ಮಾಡಿದ್ದು.

ಏನನ್ನಾದರೂ ಕೂಡಿಸುವವರಿಗೆ ಇದು ಬೇಗ ಅರ್ಥವಾಗುತ್ತದೆ. ನಮ್ಮ ಆಲ್ಬಂನಲ್ಲಿ ಸಿಗದ ಸ್ಟಾಂಪಿಗೂ ಖಾಲಿ ಮನೆ ಬಿಟ್ಟಿರುತ್ತೇವೆ. ಇವತ್ತಲ್ಲ ನಾಳೆ ಸಿಗುತ್ತೆ ಅಂತ. ಆ ಖಾಲಿ ಮನೆಯೇ ಅಲ್ಲೊಂದು ಇತ್ತು ಅಂತ ಹೇಳುತ್ತಿರುತ್ತದೆ. ಇವರಿಗೆ ಮನೆಯನ್ನೇ ಬಿಡಲಿಲ್ಲ. ಅದನ್ನು ತಿರುವಿದ ಹುಡುಗನಿಗೆ ಏನೋ ಕಮ್ಮಿ ಇದೆ ಅನ್ನುವುದೂ ಗೊತ್ತಾಗುವಂತಿರಲಿಲ್ಲ.

ಫುಕ್ಸ್ ಹೇಗೆ ತಪ್ಪಿಸಿಕೊಂಡರು?

1937ರಲ್ಲಿ ಮನೆಯವರ ಜೊತೆ ದೇಶ ಬಿಟ್ಟರು. ಮೊದಲು ಸ್ವಿಟ್ಜರ್ಲೆಂಡ್, ಆಮೇಲೆ ಫ್ರಾನ್ಸ್, 1940ರಲ್ಲಿ ಕೆನಡಾ. ಅಲ್ಲಿ ಹೆಸರನ್ನು ಗಾಡ್‌ಫ್ರಿ ಫಾಕ್ಸ್ ಅಂತ ಮಾಡಿಕೊಂಡು ಮಾಂಟ್ರಿಯಲ್‌ನಲ್ಲಿ ನೆಲೆ ನಿಂತರು.

ಹಿರ್ಶ್ ಯಾಕೆ ಹೋಗಲಿಲ್ಲ?

ಸುಮ್ನೆ ಕೂತಿದ್ದರು ಅಂದುಕೊಳ್ಳಬೇಡಿ. ಮನೆಯ ಬಾವುಟ ತಯಾರಿಸುವ ಕಾರ್ಖಾನೆ 1933ರಲ್ಲಿ ದಿವಾಳಿಯಾಯಿತು. ಊರಿನ ಯಹೂದಿ ಕ್ಲಬ್ಬಿಗೆ ತರಬೇತಿ ಕೊಟ್ಟರು. 1938ರಲ್ಲಿ ಕೋಚ್ ಕೆಲಸ ಹುಡುಕಿಕೊಂಡು ಫ್ರಾನ್ಸ್‌ಗೆ ಹೋದರು, ಸಿಗಲಿಲ್ಲ. ವಾಪಸು ಬರುವ ದಾರಿಯಲ್ಲಿ ಜೀವ ಕಳೆದುಕೊಳ್ಳಲು ಪ್ರಯತ್ನಿಸಿದರು. ಬದುಕಿಕೊಂಡರು, ಅಲ್ಲಿನ ಮಾನಸಿಕ ಆಸ್ಪತ್ರೆಯಲ್ಲಿ ಕೆಲಕಾಲ ಇದ್ದರು.

ಹೆಂಡತಿ ಯಹೂದಿ ಅಲ್ಲ, ಪ್ರಾಟೆಸ್ಟೆಂಟ್. ಹೆಂಡತಿ ಮಕ್ಕಳಿಗೆ ತನ್ನಿಂದ ತೊಂದರೆ ಆಗಬಾರದು ಅಂತ 1939ರಲ್ಲಿ ವಿಚ್ಛೇದನ ಪಡೆದರು. ಆದರೆ ಹಾಗೆ ಮಾಡಿದ್ದರಿಂದ ಅವರಿಗೇ ಇದ್ದ ಒಂದು ಸಣ್ಣ ರಕ್ಷಣೆ ಹೋಯಿತು. ಯಹೂದಿಯಲ್ಲದವರ ಜೊತೆ ಮದುವೆ ಇದ್ದವರನ್ನು ಆಗ ಕೂಡಲೇ ಹಿಡಿದು ಕಳಿಸುತ್ತಿರಲಿಲ್ಲ. ಆಮೇಲೆ ಊರಿನ ಕಸ ಸುರಿಯುವ ಜಾಗದಲ್ಲಿ ಕಡ್ಡಾಯದ ದುಡಿಮೆ. ಒಂದು ಕಾಲಕ್ಕೆ ಅದೇ ಊರಿಗೆ ಚಾಂಪಿಯನ್ ಪಟ್ಟ ತಂದವರು.

ಕೊನೆಗೆ ಏನಾಯಿತು ಅಂತ ಹೇಗೆ ಗೊತ್ತಾಯಿತು?

ಒಂದು ಕಾರ್ಡಿನಿಂದ.

1943ರ ಮಾರ್ಚ್ 1ಕ್ಕೆ ಹಿರ್ಶ್ ಅವರನ್ನು ಕಾರ್ಲ್ಸ್‌ರೂಹೆಯಲ್ಲಿ ರೈಲು ಹತ್ತಿಸಿದರು. ಎರಡು ದಿನದ ಮೇಲೆ ಅವರು ಮಗಳಿಗೆ ಬರೆದ ಕಾರ್ಡು ಅಂಚೆಗೆ ಬಿತ್ತು. ಕ್ಷೇಮವಾಗಿ ಬಂದಿದ್ದೇನೆ, ಎಲ್ಲ ಚೆನ್ನಾಗಿದೆ, ಮೇಲಿನ ಸೈಲೀಸಿಯಾಕ್ಕೆ ಹೋಗುತ್ತಿದ್ದೇನೆ, ಅದಿನ್ನೂ ಜರ್ಮನಿಯಲ್ಲೇ ಇದೆ ಅಂತ ಬರೆದಿದ್ದರು. ಕೊನೆಗೆ ಪ್ರೀತಿಯ ಮುತ್ತು, 'ನಿಮ್ಮ ಯುಲ್ಲರ್'.

ಠಸ್ಸೆಯಲ್ಲಿರುವ ಊರು ಡಾರ್ಟ್‌ಮುಂಡ್, ತಾರೀಕು 3.3.43. ಭೂಪಟ ತೆಗೆದು ನೋಡಿ. ಕಾರ್ಲ್ಸ್‌ರೂಹೆ ನೈಋತ್ಯದಲ್ಲಿದೆ. ಸೈಲೀಸಿಯಾ ಪೂರ್ವಕ್ಕಿದೆ. ಡಾರ್ಟ್‌ಮುಂಡ್ ದಾರಿಯಲ್ಲಿ ಸಿಗುವುದೇ ಇಲ್ಲ, ಅದು ಉತ್ತರದ ಕಡೆ. ರೈಲು ಬೇರೆ ಬೇರೆ ಊರುಗಳಲ್ಲಿ ಜನರನ್ನು ತುಂಬಿಸಿಕೊಳ್ಳುತ್ತ ಸುತ್ತಿ ಹೋಗಿತ್ತು. ಕಾರ್ಡಿನಲ್ಲಿ ಎಲ್ಲ ಚೆನ್ನಾಗಿದೆ ಅಂತಿದೆ. ಠಸ್ಸೆ ಬೇರೆಯದೇ ಹೇಳುತ್ತಿದೆ. ಸ್ಟಾಂಪು ಕೂಡಿಸುವವರು ಠಸ್ಸೆ ಓದುವುದರಲ್ಲಿ ಪಳಗಿದವರು, ಊರು ಯಾವುದು, ತಾರೀಕು ಯಾವುದು, ಎಷ್ಟು ಹೊತ್ತಿಗೆ ಬಿತ್ತು ಅಂತ. ಈ ಒಂದು ಠಸ್ಸೆ ಓದಿದ ದಿನ ನಾನು ಆಲ್ಬಂ ಮುಚ್ಚಿಟ್ಟು ಹೊರಗೆ ಹೋಗಿ ನಿಂತಿದ್ದೆ.

ರೈಲು ಹೋಗಿ ನಿಂತದ್ದು ಆಶ್‌ವಿಟ್ಸ್‌ನಲ್ಲಿ. ಅದರ ಮೇಲೆ ಅವರಿಂದ ಯಾವ ಸುದ್ದಿಯೂ ಇಲ್ಲ. ಯುದ್ಧ ಮುಗಿದ ಮೇಲೆ ನ್ಯಾಯಾಲಯ 1945ರ ಮೇ 8ನ್ನು ಮರಣದ ದಿನ ಅಂತ ಬರೆಯಿತು. ಅದು ಯುದ್ಧ ಮುಗಿದ ತಾರೀಕು. ಕಾಗದದ ಮೇಲೆ ಏನಾದರೂ ಬರೆಯಬೇಕಿತ್ತಲ್ಲ, ಬರೆದರು.

ಮಕ್ಕಳು?

ಮಗ, ಮಗಳು ಇಬ್ಬರನ್ನೂ 1945ರ ಫೆಬ್ರವರಿಯಲ್ಲಿ ಟೆರೇಜಿನ್‌ಷ್ಟಾಟ್ ಶಿಬಿರಕ್ಕೆ ಕಳಿಸಿದರು. ಇಬ್ಬರೂ ಬದುಕಿ ಬಂದರು.

1972ರ ಆಮಂತ್ರಣದ ಕಥೆ ಏನು?

ಹೆರ್‌ಬರ್ಗರ್ ಚಿಕ್ಕ ಹುಡುಗನಾಗಿದ್ದಾಗ ಫುಕ್ಸ್ ಆಟ ನೋಡಿ ಮರುಳಾಗಿದ್ದವರು. ಅವರು ನಾಜಿ ಪಕ್ಷದ ಸದಸ್ಯರೂ ಆಗಿದ್ದರು, 1933ರಿಂದಲೇ. ಎರಡೂ ನಿಜ, ಎರಡನ್ನೂ ಹೇಳಲೇಬೇಕು. ಯುದ್ಧ ಮುಗಿದು ಸುಮಾರು ವರ್ಷ ಆದ ಮೇಲೆ ಅವರು ಮಾಂಟ್ರಿಯಲ್‌ಗೆ ಕಾಗದ ಬರೆದರು. ಫುಕ್ಸ್ ಉತ್ತರ ಕೊಟ್ಟರು. ಕಾಗದ ಹೋಗುತ್ತ ಬರುತ್ತ ಸ್ನೇಹ ಬೆಳೆಯಿತು.

1972ರಲ್ಲಿ ಮ್ಯೂನಿಕ್‌ನ ಹೊಸ ಒಲಿಂಪಿಕ್ ಮೈದಾನದಲ್ಲಿ ಮೊದಲ ಫುಟ್‌ಬಾಲ್ ಪಂದ್ಯ ನಿಗದಿಯಾಯಿತು, ಮೇ 26ಕ್ಕೆ. ಎದುರಾಳಿ ಸೋವಿಯತ್ ಒಕ್ಕೂಟ. ಹೆರ್‌ಬರ್ಗರ್‌ಗೆ ಕೂಡಲೇ ಹೊಳೆಯಿತು: ಅರವತ್ತು ವರ್ಷದ ಹಿಂದೆ ರಷ್ಯಾ ಎದುರು 10 ಗೋಲು ಹೊಡೆದವರು ಇನ್ನೂ ಇದ್ದಾರಲ್ಲ, ಅವರನ್ನು ಗೌರವದ ಅತಿಥಿಯಾಗಿ ಕರೆಸಿ. ಜರ್ಮನ್ ಫುಟ್‌ಬಾಲ್ ಒಕ್ಕೂಟಕ್ಕೆ ಹಾಗಂತ ಬರೆದರು. ಒಕ್ಕೂಟ ಒಪ್ಪಲಿಲ್ಲ. ಒಬ್ಬರನ್ನು ಕರೆದರೆ ಅದೇ ಪದ್ಧತಿಯಾಗುತ್ತೆ, ಮುಂದೆ ಖರ್ಚು ಬೆಳೆಯುತ್ತೆ, ಕೈಯಲ್ಲಿ ಹಣ ಕಮ್ಮಿ ಇದೆ ಅನ್ನುವ ಕಾರಣ ಕೊಟ್ಟಿತು.

ವಿಶ್ವದರ್ಜೆಯ ಮೈದಾನ ಕಟ್ಟಿಸಿದ ದೇಶಕ್ಕೆ ಮಾಂಟ್ರಿಯಲ್‌ನಿಂದ ಒಂದು ವಿಮಾನ ಟಿಕೆಟ್ ಭಾರವಾಯಿತು, ನೋಡಿ.

ಕರೆದಿದ್ದರೂ ಫುಕ್ಸ್ ಬರುವಂತಿರಲಿಲ್ಲ. ಫೆಬ್ರವರಿ 25ಕ್ಕೇ ಅವರು ತೀರಿಕೊಂಡಿದ್ದರು. ಮೇ 26ರಂದು ಜರ್ಮನಿ 4–1ರಿಂದ ಗೆದ್ದಿತು. ನಾಲ್ಕನ್ನೂ ಗೆರ್ಡ್ ಮ್ಯುಲ್ಲರ್ ಒಬ್ಬರೇ ಹೊಡೆದರು.

ಈಗ ಇವರ ನೆನಪಿಗೆ ಏನಿದೆ?

ಜರ್ಮನ್ ಫುಟ್‌ಬಾಲ್ ಒಕ್ಕೂಟ 2005ರಿಂದ ಯೂಲಿಯುಸ್ ಹಿರ್ಶ್ ಪ್ರಶಸ್ತಿ ಕೊಡುತ್ತಿದೆ. ಜನಾಂಗ ದ್ವೇಷದ ವಿರುದ್ಧ ಕೆಲಸ ಮಾಡುವ ಕ್ಲಬ್ಬು, ಅಭಿಮಾನಿಗಳ ಗುಂಪುಗಳಿಗೆ ಅದು ಹೋಗುತ್ತದೆ. ಕಾರ್ಲ್ಸ್‌ರೂಹೆಯಲ್ಲಿ ಫುಕ್ಸ್ ಹೆಸರಿನ ಚೌಕ ಇದೆ, ಹಿರ್ಶ್ ಹೆಸರಿನ ಬೀದಿ ಇದೆ.

ಇವರ ಮೇಲೆ ಸ್ಟಾಂಪಿನ ಒಂದು ಹಾಳೆ ಮಾಡಬೇಕು. ಏನೇನು ಇಡಬಹುದು?

1912ಕ್ಕೆ ಸ್ವೀಡನ್ ಒಲಿಂಪಿಕ್ ಅಂಚೆಚೀಟಿ ತರಲೇ ಇಲ್ಲ, ಹುಡುಕಿ ಸುಸ್ತಾಗಬೇಡಿ. ಬದಲಿಗೆ ಆ ಕ್ರೀಡಾಕೂಟದ ಭಿತ್ತಿಚಿತ್ರವನ್ನೇ ಸಣ್ಣದಾಗಿ ಮಾಡಿದ ಪ್ರಚಾರ ಚೀಟಿಗಳಿವೆ, ಹಲವು ಭಾಷೆಗಳಲ್ಲಿ. ಜರ್ಮನ್ ಭಾಷೆಯದು ಸಿಕ್ಕಿದರೆ ಅದನ್ನೇ ಇಡಿ, ರಷ್ಯನ್ ಭಾಷೆಯದೂ ಸಿಕ್ಕಿದರೆ ಪಕ್ಕದಲ್ಲಿ ಇಡಿ. ಆಮೇಲೆ 1936ರ 6 ಪೆನ್ನಿಗ್ ಹಸಿರು. ಸಾಧ್ಯವಾದರೆ ಬಿಡಿ ಸ್ಟಾಂಪು ಬೇಡ, ಕಾರ್ಡಿನ ಮೇಲೆ ಅಂಟಿದ್ದು ತನ್ನಿ. ಐವತ್ತರ ದಶಕದ ಯಾವುದಾದರೂ ಮಾಂಟ್ರಿಯಲ್–ಜರ್ಮನಿ ವಿಮಾನ ಅಂಚೆಯ ಲಕೋಟೆಯೂ ಇರಲಿ, ಕಷ್ಟವಿಲ್ಲದೆ ಸಿಗುತ್ತದೆ.

ನಾನು ನನ್ನ ಹಾಳೆಯಲ್ಲಿ ಹಸಿರು ಸ್ಟಾಂಪನ್ನು ಹಿಂಜ್ (ಬೆನ್ನಿಗೆ ಹಚ್ಚುವ ಅಂಟುಕಾಗದದ ಚೂರು) ಹಾಕಿ ಅಂಟಿಸಿಲ್ಲ. ಪಾರದರ್ಶಕ ಚೀಲದಲ್ಲಿ ಸಡಿಲವಾಗಿ ಇಟ್ಟಿದ್ದೇನೆ. ನೋಡಲು ಬಂದವರು ಕೇಳಿದರೆ ಹೊರಗೆ ತೆಗೆದು, ಬೆನ್ನು ಮೇಲಾಗಿಟ್ಟು, ಎರಡು ಹನಿ ಬೆಂಜಿನ್ ಹಾಕಲು ಅನುಕೂಲ.